ಸಕ್ಕುಬಾಯಿಯ ಗುಂಡಿ, ಸೊಸೈಟಿಯ ಗುಂಡಿ

ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವಳು ಎಂದು ನನ್ನನ್ನು ಶಾಲೆಯಲ್ಲೂ ಆಡಿಕೊಳ್ಳುತ್ತಾರೆ, ಮನೆಯಲ್ಲೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಪುಣೆಯ ಕನ್ನಡ ಶಾಲೆಯೊಂದರಲ್ಲಿ ಇಪ್ಪತ್ತು ವರ್ಷ ವಿಜ್ಞಾನ ಕಲಿಸಿದ ಪಂಕಜಾಕ್ಷಿ ಟೀಚರಿಗೆ ಸಿಟ್ಟು ಬರದೆ ಇನ್ಯಾರಿಗೆ ಬರಬೇಕು? ಆದರೆ ಇಲ್ಲಿ ಬರೆಯುತ್ತಿರುವುದು ಮಕ್ಕಳ ಮೇಲಿನ ಸಿಟ್ಟಲ್ಲ. ಇದು ೨೦೦೩ರದು, ಬಿಬವೇವಾಡಿಯ ನಮ್ಮ ಸೊಸೈಟಿಯದು. ಸಕ್ಕುಬಾಯಿ ಎಂಬ ಹೆಂಗಸಿನ ವಿಷಯ ಹೇಳಿದರೆ ಅದು ನಿಮಗೂ ತಿಳಿಯುತ್ತದೆ.

ಸಕ್ಕುಬಾಯಿ ಆಳಂದದ ಕಡೆಯ ಹಳ್ಳಿಯವಳು. ೧೯೯೧ರಲ್ಲಿ ಗಂಡ ಧರ್ಮಣ್ಣ ಮತ್ತು ಆರು ವರ್ಷದ ಮಗನ ಜೊತೆ ಪುಣೆಗೆ ಬಂದಳು. ಧರ್ಮಣ್ಣ ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಚೀಲ ಹೊರುವ ಹಮಾಲಿಯಾದ, ಆಕೆ ಕಟ್ಟಡದ ಕೆಲಸಕ್ಕೆ ಸೇರಿದಳು. ನಾವಿರುವ ಇದೇ ಕಟ್ಟಡಕ್ಕೆ ಮೂರನೇ ಮಹಡಿಯವರೆಗೆ ಇಟ್ಟಿಗೆ ಹೊತ್ತಿದ್ದಾಳೆ. ನಾನು ಕನ್ನಡದವಳೆಂದು ಗೊತ್ತಾದ ದಿನ, "ಅಕ್ಕೋರ, ನಿಮ್ಮ ಅಡಗಿಮನಿ ಗೋಡಿಗೆ ನೀರು ಹೊಡದಾಕಿ ನಾನೇ ನೋಡ್ರಿ. ಎಂಟು ದಿನ ಹೊಡದೀನಿ. ಬಿರುಕು ಬಿಟ್ಟಿದ್ರ ಹೇಳ್ರಿ ಮತ್ತ," ಎಂದಿದ್ದಳು. ಬಿರುಕು ಬಿಟ್ಟಿರಲಿಲ್ಲ. ಎಂಟು ವರ್ಷ ಇಟ್ಟಿಗೆ ಹೊತ್ತ ಮೇಲೆ ಆಕೆಯ ಸೊಂಟವೇ ಬಿಟ್ಟುಕೊಟ್ಟಿತು. ಇನ್ನು ಭಾರ ಎತ್ತಿದರೆ ಹಾಸಿಗೆ ಹಿಡಿಯುತ್ತೀ ಎಂದು ಡಾಕ್ಟರು ಹೇಳಿದರು. ತಾನು ಕಟ್ಟಿದ ಕಟ್ಟಡದಲ್ಲೇ ಮೆಟ್ಟಿಲು ಗುಡಿಸಲು ಬಂದಳು.

ಆಗ ನಮ್ಮ ಸೊಸೈಟಿಯ ಹಿಂದುಗಡೆ ಒಂದು ಗುಂಡಿ ಇತ್ತು. ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡಿ ಎಂದು ಮುನಿಸಿಪಾಲಿಟಿಯವರು ಹೇಳಿದ್ದಕ್ಕೆ ತೋಡಿಸಿದ ಗೊಬ್ಬರದ ಗುಂಡಿ. ತೋಡಿಸಿದವರಿಗೆ ಅದನ್ನು ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಇಪ್ಪತ್ನಾಲ್ಕು ಮನೆಯ ಅಡುಗೆ ಕಸ ಅದರೊಳಗೆ ಬಿದ್ದು ಕೊಳೆತು, ಆರು ತಿಂಗಳು ಹಿಂದಿನ ಕಿಟಕಿ ತೆರೆಯಲು ಆಗಲಿಲ್ಲ. ಸಕ್ಕುಬಾಯಿಯೇ ಒಂದು ದಿನ ಗುಂಡಿಗೆ ಇಳಿದಳು. ಕಪ್ಪು ನೀರು ಹೊರಗೆ ಹಾಕಿ, ಒಂದು ಪದರ ಒಣ ಎಲೆ, ಒಂದು ಪದರ ಹಸಿ ಕಸ ಹಾಸಿ, ಮೇಲೆ ಸಗಣಿ ನೀರು ಚಿಮುಕಿಸಿದಳು. ಎಂಟು ದಿನಕ್ಕೊಮ್ಮೆ ಬುಡಮೇಲು ಮಾಡಿದಳು. ವಾಸನೆ ಹೋಯಿತು. ಸೊಸೈಟಿ ಮೆಟ್ಟಿಲಿನ ಕೆಲಸ ಬೇರೆಯವರಿಗೆ ಕೊಟ್ಟು ಗುಂಡಿಯನ್ನು ಆಕೆಗೆ ವಹಿಸಿತು. ಬಾಗದೆ, ಕೂತು ಮಾಡಬಹುದಾದ ಕೆಲಸ ಅದೊಂದೇ ಆಕೆಗೆ ಉಳಿದಿತ್ತು.

ಆಕೆಯ ಹತ್ತಿರ ಒಂದು ಕಬ್ಬಿಣದ ಸರಳು ಇತ್ತು. ದಿನಾ ಬೆಳಿಗ್ಗೆ ಅದನ್ನು ಗುಂಡಿಯ ನಡುವೆ ಚುಚ್ಚಿ, ಬೀಡಿ ಸೇದುವಷ್ಟು ಹೊತ್ತು ಬಿಟ್ಟು, ಎಳೆದು ಮುಟ್ಟಿ ನೋಡುತ್ತಿದ್ದಳು. ಮುಟ್ಟಲಾಗದಷ್ಟು ಸುಡುತ್ತಿದ್ದರೆ ಒಳಗೆ ಕೆಲಸ ನಡೆದಿದೆ. ತಣ್ಣಗಿದ್ದರೆ ಒಣ ಎಲೆ ಹೆಚ್ಚಾಗಿದೆ, ಹಸಿ ಬೇಕು. ಜಿಗುಟು ಅಂಟಿ ನಾತ ಹೊಡೆದರೆ ಹಸಿ ಹೆಚ್ಚಾಗಿದೆ, ಒಣ ಎಲೆ ಬೇಕು. ಒಣಗಿದ್ದರಲ್ಲಿ ಇಂಗಾಲ ಹೆಚ್ಚು, ಹಸಿಯದರಲ್ಲಿ ಸಾರಜನಕ ಹೆಚ್ಚು, ಎರಡೂ ಹದಕ್ಕೆ ಬಂದರೆ ಕಣ್ಣಿಗೆ ಕಾಣದ ಜೀವಿಗಳು ತಿಂದು ಮಣ್ಣು ಮಾಡುತ್ತವೆ, ಮಣ್ಣಿನಿಂದ ಗಿಡ, ಗಿಡದಿಂದ ಮತ್ತೆ ಎಲೆ ಎಂದು ನಾನು ಒಂಬತ್ತನೇ ತರಗತಿಗೆ ಬಾಣದ ಗುರುತು ಹಾಕಿದ ಚಾರ್ಟ್ ತೋರಿಸಿ ಗಂಟಲು ಹರಿದುಕೊಳ್ಳುತ್ತಿದ್ದೆ. ಒಮ್ಮೆ ಈ ಮಾತನ್ನು ಆಕೆಗೆ ಹೇಳಿದಾಗ ನಕ್ಕಳು. "ಇಷ್ಟಕ್ಕ ಪುಸ್ತಕ ಬೇಕೇನ್ರಿ ಅಕ್ಕೋರ? ನಮ್ಮ ತಿಪ್ಪಿ ಮುಂದ ಕುಂದ್ರಿಸಿದ್ರ ಹುಡುಗ್ರು ಒಂದ ದಿನದಾಗ ಕಲೀತಿದ್ವು."

ಎರಡು ವರ್ಷ ಹೀಗೆ ನಡೆಯಿತು. ಆಕೆ ಮಾಡಿದ ಗೊಬ್ಬರವನ್ನು ಇಪ್ಪತ್ನಾಲ್ಕು ಮನೆಯವರೂ ಕೇಳಿ ಇಸಿದುಕೊಳ್ಳುತ್ತಿದ್ದರು. ಬಾಲ್ಕನಿಯ ಗುಲಾಬಿಗೆ, ಕರಿಬೇವಿಗೆ, ತುಳಸಿಗೆ ಅದೇ ಬೇಕು.

೨೦೦೩ರ ಜುಲೈ ತಿಂಗಳಲ್ಲಿ ಅವಧೂತ ಎಂಬ ಏಜೆಂಟ್ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಣ್ಣದ ಕಾಗದ, ಬ್ಯಾಗಿನಲ್ಲಿ ಬಿಳಿ ಪುಡಿಯ ಪೊಟ್ಟಣ. ಪುಡಿ ಹಾಕಿದರೆ ನಲವತ್ತು ದಿನದಲ್ಲಿ ಗೊಬ್ಬರ, ಸಗಣಿ ಬೇಡ, ಕೈ ಹಾಕುವುದು ಬೇಡ, ಪೂರ್ತಿ ಸ್ವಚ್ಛ ಎಂದ. ಸೊಸೈಟಿಯ ಸೆಕ್ರೆಟರಿ ಮಾಧುರಿತಾಯಿಗೆ ಆ 'ಸ್ವಚ್ಛ' ಎಂಬ ಮಾತು ಬಹಳ ಹಿಡಿಸಿತು. ಕೆಟ್ಟ ಹೆಂಗಸೇನಲ್ಲ. ಯಾರಿಗೆ ಜ್ವರ ಬಂದರೂ ಡಬ್ಬಿಯಲ್ಲಿ ಗಂಜಿ ಕಳಿಸುವವಳು. ಆದರೆ ಸಕ್ಕುಬಾಯಿಯ ಮಗನ ಹೆಸರು ಜೈಭೀಮ ಎಂದು ತಿಳಿದ ದಿನ ಆಕೆಯ ಮುಖ ಹೇಗಾಯಿತೆಂದು ನಾನು ನೋಡಿದ್ದೇನೆ. ನೋಡಿಯೂ ನೋಡದಂತೆ ಇದ್ದೆ.

ಪುಡಿ ಕಂಪನಿಗೆ ಗುಂಡಿ ಒಪ್ಪಿಸಿದರೆ ಸಕ್ಕುಬಾಯಿ ಬೇಕಾಗುವುದಿಲ್ಲ. ಇದಕ್ಕೆ ನನಗೆ ಸಿಟ್ಟು ಬಂತು. ಮೀಟಿಂಗಿನಲ್ಲಿ ಎದ್ದು ನಿಂತು, "ಹೇಳಿಕೆ ಯಾಕೆ? ಪ್ರಯೋಗ ಮಾಡಿ ನೋಡೋಣ," ಎಂದೆ. ಹಳೆ ಗುಂಡಿ ಬರಿದು ಮಾಡಿ, ಪಕ್ಕದಲ್ಲೇ ಅಷ್ಟೇ ಅಳತೆಯ ಇನ್ನೊಂದು ಗುಂಡಿ ತೋಡುವುದು, ಒಂದಕ್ಕೆ ಪುಡಿ, ಒಂದಕ್ಕೆ ಸಕ್ಕುಬಾಯಿಯ ಸಗಣಿ ನೀರು. ಬದಲಾಗುವುದು ಅದೊಂದೇ, ಉಳಿದದ್ದೆಲ್ಲ ಸಮ. ಅಡುಗೆ ಕಸ ತೂಗಿ ಸಮ ಪಾಲು, ಒಣ ಎಲೆ ತೂಗಿ ಸಮ ಪಾಲು, ನೀರು ಒಂದೇ ಬಕೆಟಿನ ಅಳತೆ, ನೆರಳು ಒಂದೇ ಮಾವಿನ ಮರದ್ದು. ಶ್ರಾವಣದ ತಿಂಗಳಿಡೀ ತುಂಬುವುದು, ಆಮೇಲೆ ಗೋಣಿ ಮುಚ್ಚಿ ದಸರೆಗೆ ತೆರೆಯುವುದು. ನನ್ನ ಜಾಣತನಕ್ಕೆ ಎಲ್ಲರೂ ತಲೆದೂಗಿದರು. ನಾನೂ ಉಬ್ಬಿಹೋದೆ.

ಅವಧೂತ ಒಂದೇ ಷರತ್ತು ಹಾಕಿದ. "ಮ್ಯಾಡಂ, ನಮ್ಮ ಗುಂಡಿಗೆ ಆ ಸಕ್ಕುಬಾಯಿ ಕೈ ಹಾಕಬಾರದು. ಬೇಕಂತಲೇ ಕೆಡಿಸಿದರೆ?" ಅದಕ್ಕೆ ವಾಚ್‌ಮನ್ ಬಾಳು ಆ ಗುಂಡಿ ನೋಡಿಕೊಳ್ಳಲಿ ಎಂದಾಯಿತು. ನಾನು ಒಪ್ಪಿದೆ. ಇಬ್ಬರೂ ಒಂದೇ ದಿನ ಬುಡಮೇಲು ಮಾಡಿದರಾಯಿತಲ್ಲ ಎಂದುಕೊಂಡೆ. ಎರಡು ಗುಂಡಿಗೆ ಎರಡು ಜೊತೆ ಕೈ. ಒಂಬತ್ತನೇ ತರಗತಿಯ ಹುಡುಗ ಇದನ್ನು ಪರೀಕ್ಷೆಯಲ್ಲಿ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯುತ್ತಿದ್ದೆ.

ನಲವತ್ತು ದಿನ ಗುಂಡಿಗಳು ಗೋಣಿಯ ಕೆಳಗಿದ್ದವು. ದಸರೆಯ ದಿನ ಬೆಳಿಗ್ಗೆ ಅರ್ಧ ಸೊಸೈಟಿ ನೆರೆದಿತ್ತು. ಬಾಳು ತನ್ನ ಗುಂಡಿಯ ಗೋಣಿ ಎಳೆದ. ಕಪ್ಪಗೆ, ಉದುರುದುರಾಗಿ, ಚಹಾ ಪುಡಿಯಂತಿತ್ತು. ಸಕ್ಕುಬಾಯಿ ತನ್ನದನ್ನು ಎಳೆದಳು. ಮಾವಿನ ಎಲೆಗಳು ಇನ್ನೂ ಎಲೆಗಳಾಗಿಯೇ ಇದ್ದವು, ನರ ಎಣಿಸಬಹುದಿತ್ತು. ಅವಧೂತ ಫೋಟೊ ತೆಗೆದುಕೊಂಡ. ಮಾಧುರಿತಾಯಿ ನನ್ನ ಹೆಗಲು ತಟ್ಟಿ, "ನಿಮ್ಮಿಂದ ಶಾಸ್ತ್ರೀಯವಾಗಿ ಗೊತ್ತಾಯಿತು ನೋಡಿ," ಎಂದಳು. ಮುಂದಿನ ಒಂದನೇ ತಾರೀಖಿನಿಂದ ಎರಡೂ ಗುಂಡಿ ಕಂಪನಿಗೆ ಎಂದು ಅಲ್ಲೇ ನಿಂತು ತೀರ್ಮಾನವಾಯಿತು.

ಎಲ್ಲರೂ ಹೋದ ಮೇಲೆ ನಾನು ಸಕ್ಕುಬಾಯಿಗೆ ಬುದ್ಧಿ ಹೇಳಲು ಶುರು ಮಾಡಿದೆ. ನಾಚಿಕೆ ಬಿಟ್ಟು ಅದನ್ನೂ ಬರೆಯುತ್ತೇನೆ. "ಬೇಸರ ಮಾಡ್ಕೋಬ್ಯಾಡ. ಪ್ರಯೋಗದಾಗ ಸೋಲು ಗೆಲುವು ಅಂತಿಲ್ಲ. ಇದ್ದದ್ದು ಇದ್ದಂಗ ಒಪ್ಪಬೇಕು," ಎಂದೆ.

ಆಕೆ ಬಾಳುವಿನ ಗುಂಡಿಯ ಅಂಚಿನಲ್ಲಿ ಕೂತು ಎರಡೂ ಕೈಯಿಂದ ಆ ಕಪ್ಪು ಗೊಬ್ಬರವನ್ನು ಕೆದಕಿದಳು. ಸ್ವಲ್ಪ ಹೊತ್ತಿಗೆ ಒಂದು ಹಿಡಿ ಏನನ್ನೋ ತಂದು ನನ್ನ ಕಾಲ ಬಳಿ ಹಾಕಿದಳು. ದಾರ. ಹೂವಿನ ಮಾಲೆಯ ದಾರಗಳು, ಬಿಳಿಯವು, ಕೆಂಪಿನವು, ನಡುವೆ ಜರಿಯ ಎಳೆ. ಇನ್ನೊಂದು ಹಿಡಿ ತಂದಳು. ಮತ್ತೊಂದು.

"ಈಗ ನನ್ನ ಗುಂಡಿ ಕೆದರ್ರಿ ಅಕ್ಕೋರ. ಒಂದು ದಾರ ತೋರಸ್ರಿ."

ನಾನು ಕೆದರಿದೆ. ಕೂತು, ಸೀರೆ ಮೊಣಕಾಲಿಗೆ ಸಿಕ್ಕಿಸಿಕೊಂಡು, ಅರ್ಧ ಗಂಟೆ ಕೆದರಿದೆ. ಒಂದು ದಾರವೂ ಇರಲಿಲ್ಲ.

ಪೂಜೆಯ ಹೂವನ್ನು ಕಸದ ಬುಟ್ಟಿಗೆ ಯಾರೂ ಹಾಕುವುದಿಲ್ಲ. ನಿರ್ಮಾಲ್ಯವನ್ನು ಬೇರೆ ಇಟ್ಟು ಅಲ್ಲಿಯವರೆಗೆ ನದಿಗೆ ಬಿಡುತ್ತಿದ್ದರು, ಈ ಸಲ ತಾವೇ ತಂದು ಗುಂಡಿಗೆ ಹಾಕಿದ್ದರು. ಆದ್ದರಿಂದ ಅದು ತೂಕಕ್ಕೆ ಬಂದಿರಲಿಲ್ಲ. 'ನಿರ್ಮಾಲ್ಯ ಎರಡರಲ್ಲಿ ಯಾವುದಕ್ಕಾದರೂ ಹಾಕಬಹುದು' ಎಂದು ನೋಟಿಸಿನಲ್ಲಿ ಬರೆದವಳು ನಾನೇ. ಅದೆಷ್ಟು ಮಹಾ ಇರುತ್ತದೆ ಎಂಬ ಉಡಾಫೆ. ಶ್ರಾವಣ ಮಾಸ! ಇಪ್ಪತ್ನಾಲ್ಕು ಮನೆಯ ದಿನದ ಪೂಜೆ, ಸೋಮವಾರದ ಬಿಲ್ವ, ಹೊಸದಾಗಿ ಮದುವೆಯಾದ ಮೂವರು ಹುಡುಗಿಯರ ಮಂಗಳಗೌರಿಗೆ ಬುಟ್ಟಿಗಟ್ಟಲೆ ಹಸಿರು ಪತ್ರಿ. ಅಷ್ಟೂ ಹಸಿ, ಅಷ್ಟೂ ಸಾರಜನಕ, ಬಾಳುವಿನ ಗುಂಡಿಗೆ. ಸಕ್ಕುಬಾಯಿಯ ಗುಂಡಿಗೆ ತೂಗಿ ಕೊಟ್ಟ ಪಾಲಷ್ಟೇ, ಅದರಲ್ಲಿ ಒಣ ಎಲೆಯೇ ಹೆಚ್ಚು. ಗೆದ್ದದ್ದು ಪುಡಿಯೂ ಅಲ್ಲ, ಮಣ್ಣೂ ಅಲ್ಲ. ಒಂದು ಗುಂಡಿಗೆ ದೇವರ ಹೂವು ಬಿತ್ತು, ಇನ್ನೊಂದಕ್ಕೆ ಬೀಳಲಿಲ್ಲ. ಯಾಕೆ ಬೀಳಲಿಲ್ಲ ಎಂಬುದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನಿನಗ ಯಾವಾಗ ಗೊತ್ತಾತು?" ಎಂದೆ.

"ಮೊದಲನೇ ದಿನಾನೇ. ನಾ ಇಲ್ಲೇ ಕುಂತಿರ್ತೀನಿ. ನನ್ನ ಮುಂದ ಹಾದು, ನನ್ನ ಗುಂಡಿ ದಾಟಿ ಹೋಗಿ ಅಲ್ಲಿ ಹಾಕ್ತಿದ್ರು."

"ಮತ್ತ ಬಾಯಿ ಬಿಡಬಾರದಾಗಿತ್ತೇನ? ನನಗ ಯಾಕ ಹೇಳಲಿಲ್ಲ?"

ಆಗ ಆಕೆಗೆ ಸಿಟ್ಟು ಬಂತು. "ನಾ ಹೇಳಬೇಕೇನ್ರಿ? ನನ್ನ ಬಾಯಿಲೆ? ದಿನಾ ಬಂದು ತಕ್ಕಡಿ ನೋಡಿದ್ರಿ, ಬಕೆಟ್ ನೋಡಿದ್ರಿ, ಬರಕೊಂಡ್ರಿ. ಹೂವಿನ ತಾಟು ಹಿಡಕೊಂಡು ಹೋಗೂರು ನಿಮ್ಮ ಕಣ್ಣಿಗೆ ಬೀಳಲಿಲ್ಲ? ನಿಮ್ಮತ್ತಿಯವರ ಪತ್ರಿನೂ ಅಲ್ಲೇ ಬಿದ್ದಾವ ನೋಡ್ರಿ."

ದಡದಡ ಮೆಟ್ಟಿಲು ಹತ್ತಿ ಮನೆಗೆ ಹೋದೆ. ನನ್ನತ್ತೆ ಶಿವಬಸವ್ವ ಲಿಂಗಪೂಜೆ ಮುಗಿಸಿ ವಿಭೂತಿ ಗಟ್ಟಿ ಎತ್ತಿಡುತ್ತಿದ್ದರು. ಪತ್ರಿ ಎಲ್ಲಿ ಹಾಕುತ್ತೀರಿ ಎಂದು ಕೇಳಿದೆ. "ಬಾಳುನ ಗುಂಡ್ಯಾಗ. ಲಿಂಗದ ಮ್ಯಾಲಿನ ಪತ್ರಿ, ಆಕಿ ಕೈಯಾಗ, ಕಾಲಾಗ ಹಾಕ್ಲೇನು?" ಎಂದರು, ಸಹಜವಾಗಿ, ಅಡುಗೆಗೆ ಉಪ್ಪು ಹಾಕಿದೆಯಾ ಎಂದು ಕೇಳುವ ದನಿಯಲ್ಲಿ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರಿಗೆ ಮೇಲು ಕೀಳು ಇಲ್ಲ ಎಂದು ಹಬ್ಬ ಹಬ್ಬಕ್ಕೂ ಮೊಮ್ಮಕ್ಕಳಿಗೆ ಹೇಳುವುದು ಇದೇ ಬಾಯಿ. ನಾನು ಆಡಬಾರದ್ದನ್ನೆಲ್ಲ ಆಡಿದೆ. ಎರಡು ವಾರ ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

ಮುಂದಿನ ಭಾನುವಾರ ಮೀಟಿಂಗ್ ಕರೆಸಿದೆ. ದಾರದ ರಾಶಿಯನ್ನು ಮೇಜಿನ ಮೇಲೆ ಸುರಿದು, ಈ ಪ್ರಯೋಗ ಸುಳ್ಳು, ನಾನೇ ಮಾಡಿದ ಸುಳ್ಳು, ಮತ್ತೊಮ್ಮೆ ಮಾಡಬೇಕು, ಹೂವನ್ನೂ ಸಮ ಹಂಚಬೇಕು ಎಂದೆ. ಒಬ್ಬರು ಫ್ಯಾನಿನ ಸ್ಪೀಡು ಹೆಚ್ಚಿಸಿದರು. ಕೊನೆಗೆ ಮಾಧುರಿತಾಯಿ ಮೆತ್ತಗೆ, "ಮಾಡೋಣ. ಯಾರ ಭಾವನೆಗೂ ನೋವಾಗಬಾರದು. ಆಕೆಯ ಗುಂಡಿಗೂ ಹೂವು ಹಾಕಿಸೋಣ, ಆದರೆ ಬಾಳು ಹಾಕಲಿ. ಮೇಲೆ ಮಣ್ಣು ಮುಚ್ಚಿದ ಮೇಲೆ ಆಕೆ ಕೈ ಹಾಕಲಿ," ಎಂದಳು.

ನನಗೆ ಇದು ಒಳ್ಳೆಯ ದಾರಿ ಅನಿಸಿತು. ಹೌದು, ಅನಿಸಿತು. ಕೆಲಸ ಉಳಿಯುತ್ತದಲ್ಲ ಎಂದುಕೊಂಡೆ.

ಬಾಗಿಲ ಬಳಿ ನಿಂತಿದ್ದ ಸಕ್ಕುಬಾಯಿ ಒಳಗೆ ಬಂದಳು. ಹನ್ನೆರಡು ವರ್ಷ ಪುಣೆಯಲ್ಲಿ ಕಲಿತ ಮರಾಠಿಯಲ್ಲಿ, ತೊದಲದೆ ಹೇಳಿದಳು. "ನಿಮ್ಮೆಲ್ಲರ ಬಾಲ್ಕನಿಯ ತುಳಸಿಗೆ ನನ್ನ ಕೈಯ ಗೊಬ್ಬರ ಬಿದ್ದಿದೆ. ಆ ತುಳಸಿಯನ್ನೇ ಕಿತ್ತು ದೇವರಿಗೆ ಏರಿಸಿದ್ದೀರಿ. ಆಗ ನನ್ನ ಕೈ ಹೇಗೆ ನಡೆಯಿತು? ಹೂವು ಮಣ್ಣಾದ ಮೇಲೆ ನಾನು ಮುಟ್ಟಬಹುದು, ಹೂವಾಗಿರುವಾಗ ಮುಟ್ಟಬಾರದು. ಈ ಲೆಕ್ಕ ನನಗೆ ಬೇಡ." ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ನಾ ಮುಟ್ಟಲಾರದ ಹೂ ನನ್ನ ಗುಂಡಿಗೆ ಬ್ಯಾಡ್ರಿ ಅಕ್ಕೋರ," ಎಂದು ಹೇಳಿ, ಬಾಗಿಲಿಗೆ ಒರಗಿಸಿದ್ದ ತನ್ನ ಸರಳನ್ನು ಎತ್ತಿಕೊಂಡು ಹೊರಟುಹೋದಳು.

ಆ ಚಳಿಗಾಲವೆಲ್ಲ ಆಕೆ ಮಾರ್ಕೆಟ್ ಯಾರ್ಡಿನಲ್ಲಿ ಕೊಳೆತ ಈರುಳ್ಳಿ ಆರಿಸುವ ಕೆಲಸ ಮಾಡಿದಳು. ಇಡೀ ದಿನ ಬಾಗಿ ಮಾಡುವ ಕೆಲಸ. ಧರ್ಮಣ್ಣ ಒಮ್ಮೆ ಸಿಕ್ಕಾಗ ಹೇಳಿದ, ರಾತ್ರಿ ಆಕೆಗೆ ಮಗ್ಗಲು ಬದಲಿಸಲು ತಾನೇ ಹಿಡಿದು ಹೊರಳಿಸಬೇಕಂತೆ.

ಇತ್ತ ಅವಧೂತನ ಪುಡಿ ಎರಡೂ ಗುಂಡಿಗೆ ಬಿತ್ತು. ಕೈ ಹಾಕುವುದು ಬೇಡ ಎಂದಿದ್ದನಲ್ಲ, ಯಾರೂ ಕೈ ಹಾಕಲಿಲ್ಲ. ಅಡುಗೆ ಕಸ ಮಾತ್ರ ದಿನಾ ಬಿತ್ತು, ಒಣ ಎಲೆ ಹಾಸುವ ತಾಳ್ಮೆ ಬಾಳುವಿಗೂ ಇರಲಿಲ್ಲ. ಜನವರಿಗೆ ಕಪ್ಪು ನೀರು ನಿಂತಿತು. ಫೆಬ್ರವರಿಗೆ ಹುಳ ಗೋಡೆ ಹತ್ತಿದವು, ಹಿಂದಿನ ಕಿಟಕಿಗಳು ಮತ್ತೆ ಮುಚ್ಚಿದವು. ಅವಧೂತನಿಗೆ ಫೋನ್ ಮಾಡಿದರೆ ಶಿರೂರಿನಲ್ಲಿದ್ದೇನೆ, ನಾಳೆ ಬರುತ್ತೇನೆ ಎಂದ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಮಾರ್ಚಿನಲ್ಲಿ ಮಾಧುರಿತಾಯಿ ನನ್ನ ಮನೆಗೆ ಬಂದು, "ನಿಮ್ಮ ಮಾತು ಕೇಳುತ್ತಾಳೆ, ಕರೆದುಕೊಂಡು ಬನ್ನಿ," ಎಂದಳು. ಆ ನಾತಕ್ಕಲ್ಲದಿದ್ದರೆ ಈ ಜನಕ್ಕೆ ಸಕ್ಕುಬಾಯಿಯ ಹೆಸರೂ ನೆನಪಾಗುತ್ತಿರಲಿಲ್ಲ. ಹೋಗುವುದಿಲ್ಲ ಎನ್ನಬೇಕೆಂದಿದ್ದೆ. ಧರ್ಮಣ್ಣ ಹೇಳಿದ್ದು ನೆನಪಾಗಿ ಹೋದೆ.

ಸಕ್ಕುಬಾಯಿ ನನಗೆ ಕೂರಲು ಚಾಪೆ ಹಾಸಿ ಚಹಾ ಕೊಟ್ಟಳು. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡಳು.

"ಬರ್ತೀನ್ರಿ. ಸೊಂಟ ಕೇಳವಲ್ದು, ಅದಕ್ಕ ಬರ್ತೀನಿ. ಆದ್ರ ಒಂದು ಮಾತು. ಇನ್ನ ಮ್ಯಾಲ ಹೂ ಗುಂಡಿಗೆ ಹಾಕಂಗಿಲ್ಲ. ಮನಿಗೊಬ್ಬರು ಕೆಳಗ ಇಳದು ಬಂದು ನನ್ನ ಕೈಯಾಗ ಕೊಡಬೇಕು. ನಾ ಹಾಕ್ತೀನಿ. ಯಾರು ಕೊಡಂಗಿಲ್ಲೋ ಅವರ ಮನಿ ಕಸಾನೂ ನನಗ ಬ್ಯಾಡ, ಅವರಿಗೆ ನನ್ನ ಗೊಬ್ಬರಾನೂ ಇಲ್ಲ."

ನಾತ ತಡೆಯಲಾರದೆ ಸೊಸೈಟಿ ಒಪ್ಪಿತು. ಒಪ್ಪಿದ್ದು ಕಾಗದದ ಮೇಲೆ. ಮುಂದಿನ ಭಾನುವಾರ ಬೆಳಿಗ್ಗೆ ಸಕ್ಕುಬಾಯಿ ಗುಂಡಿಯ ಪಕ್ಕ ಬಕೆಟ್ ಬೋರಲು ಹಾಕಿ ಕೂತಳು, ಸೆರಗು ಸೊಂಟಕ್ಕೆ ಬಿಗಿದಿದ್ದಳು. ಮೊದಲು ಬಂದವನು ಬಾಳು. ಗೇಟಿನ ಕೋಣೆಯ ಗಣಪತಿಯ ಒಂದು ಒಣ ದಾಸವಾಳ ತಂದು ಆಕೆಯ ಕೈಯಲ್ಲಿಟ್ಟು ಹೋದ. ನೆಲಮಹಡಿಯ ರಿಟೈರಾದ ಅಜ್ಜ ಬಂದರು. ಹೊಸದಾಗಿ ಮದುವೆಯಾಗಿ ಬಂದ ದೀಪಾಲಿ ಬಂದಳು. ಮಾಧುರಿತಾಯಿ ಕೆಲಸದವಳ ಕೈಯಲ್ಲಿ ತಾಟು ಕಳಿಸಿದಳು. ಸಕ್ಕುಬಾಯಿ ಅದನ್ನು ಹಾಗೆಯೇ ವಾಪಸು ಕಳಿಸಿದಳು. ಬಹಳಷ್ಟು ಬಾಲ್ಕನಿಗಳಲ್ಲಿ ಪರದೆ ಮಾತ್ರ ಅಲ್ಲಾಡಿತು. ಹತ್ತು ಗಂಟೆಯವರೆಗೆ ಇಪ್ಪತ್ನಾಲ್ಕರಲ್ಲಿ ಎಂಟು ಮನೆ. ಉಳಿದವರ ಕಸ ಅಂದಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮುನಿಸಿಪಾಲಿಟಿ ಗಾಡಿಗೆ ಹೋಗುತ್ತದೆ, ಹೂವು ಅದೇ ಚೀಲದಲ್ಲಿ ಮೀನಿನ ಮುಳ್ಳಿನ ಜೊತೆ. ಅದು ಅವರಿಗೆ ನಡೆಯುತ್ತದೆ!

ನಾನು ಮೇಲಿನಿಂದ ಇದನ್ನೆಲ್ಲ ನೋಡುತ್ತ ಕುದಿಯುತ್ತಿದ್ದೆ. ಅತ್ತೆ ಪೂಜೆ ಮುಗಿಸಿ ಪತ್ರಿಯ ತಾಟನ್ನು ನನ್ನ ಮುಂದೆ ಸರಿಸಿ, "ನಾ ಇಳಿಯಾಂಗಿಲ್ಲ. ನಿನಗ ಬೇಕಾದ್ರ ಒಯ್ಯಿ," ಎಂದರು. ಒಯ್ದೆ. ಮೆಟ್ಟಿಲು ಇಳಿಯುತ್ತ, ಪ್ರತಿ ಮಹಡಿಯ ಮುಚ್ಚಿದ ಬಾಗಿಲಿನ ಮುಂದೆಯೂ ಎಲ್ಲರಿಗೆ ಕೇಳುವಂತೆ ಜೋರಾಗಿ ಬೈದೆ. ನಾಚಿಕೆಯಾಗಬೇಕು ನಿಮಗೆ, ಓದಿದ್ದೀರಿ ಬರೆದಿದ್ದೀರಿ, ಒಬ್ಬ ಹೆಂಗಸಿನ ಕೈಗೆ ನಾಲ್ಕು ಹೂವು ಕೊಡಲು ನಿಮ್ಮ ಕೈ ಸೇದಿಹೋಗಿದೆಯೇ ಎಂದೆ. ಒಂಬತ್ತನೆಯವಳಾಗಿ ಸಕ್ಕುಬಾಯಿಯ ಮುಂದೆ ನಿಂತೆ. ಆಕೆ ಎರಡೂ ಕೈ ಜೋಡಿಸಿ ಬೊಗಸೆ ಒಡ್ಡಿದಳು. ನಾನು ಇನ್ನೂ ಮೇಲಿನ ಬಾಲ್ಕನಿಗಳ ಕಡೆಯೇ ನೋಡಿ ಬೈಯುತ್ತ ಪತ್ರಿಯನ್ನು ಕೊಡುತ್ತಿದ್ದೆ.

"ಅಕ್ಕೋರ," ಎಂದಳು ಸಕ್ಕುಬಾಯಿ, ಮೆಲ್ಲಗೆ, ಬೇರೆ ಯಾರಿಗೂ ಕೇಳದಂತೆ. "ಕೈ ಕೆಳಗ ತರ್ರಿ."

ಆಗ ನನ್ನ ಕೈ ನೋಡಿಕೊಂಡೆ. ಅದು ಆಕೆಯ ಬೊಗಸೆಯಿಂದ ಒಂದು ಗೇಣು ಮೇಲಿತ್ತು. ಅಲ್ಲಿಂದ ನಾನು ಪತ್ರಿಯನ್ನು ಒಂದೊಂದಾಗಿ ಉದುರಿಸುತ್ತಿದ್ದೆ.